ಜನತಾ ವಾಚಿನ ಕೇಸಿಗೆ ಬಫ್ ಬ್ಯಾಡ್ರಿ

ಅಜ್ಜಾರ ಎಚ್‌ಎಂಟಿ ಜನತಾ ವಾಚು ಮಂಕಾಗೇದ, ಹುಬ್ಬಳ್ಳಿ ದುರ್ಗದಬೈಲಿನಾಗ ರಿಪೇರಿಯವರು ಕೇಸಿಗೆ, ಅಂದ್ರ ಹೊರಗಿನ ಲೋಹದ ಕವಚಕ್ಕ, ಬಫ್ ಹೊಡದು (ತಿರುಗೋ ಗಾಲಿಗೆ ಹಿಡದು ಉಜ್ಜಿ) ಹೊಳಿಸ್ತೀನಿ ಅಂತಾರ, ಕೊಡಲೇನು ಅಂತ ಕೇಳೀರಿ. ದಯವಿಟ್ಟು ಕೊಡಬ್ಯಾಡ್ರಿ. ಬಫ್ ಗಾಲಿ ಮೊದಲು ತಿನ್ನೋದು ಅಂಚನ್ನ. ಲಗ್ಗಿನ (ಪಟ್ಟಿ ಸಿಗಸೋ ಕೊಂಬಿನ) ಚೂಪು ಮೂಲಿ ದುಂಡಗಾದ್ರ, ಹಿಂಬದಿ ಮುಚ್ಚಳದ ಅಕ್ಷರ ಸವದ್ರ ಹೋದ ಲೋಹ ತಿರುಗಿ ಬರಂಗಿಲ್ಲ.

ಮೊದಲು ಪಟ್ಟಿ ಬಿಚ್ಚಿ, ಲಗ್ಗಿನ ಒಳಬದಿ ಮತ್ತು ಹಿಂದ ಭೂತಗನ್ನಡಿ ಹಿಡದು ನೋಡ್ರಿ. ಹಳದಿ ಚುಕ್ಕಿ ಕಂಡ್ರ ಅದು ಹಿತ್ತಾಳಿ ಮ್ಯಾಲಿನ ಕ್ರೋಮ್ ಲೇಪ. ಬಫ್ ಹೊಡದ್ರ ಲೇಪನೇ ಹೋಗಿ ಹಿತ್ತಾಳಿ ಬಯಲಾಗ್ತದ. ಅಂಥಾ ಕೇಸನ್ನ ಶಬ್ದದ ಅಲೆಲೆ ನೀರು ನಡುಗಿಸಿ ತೊಳಿಯೋ ಅಲ್ಟ್ರಾಸಾನಿಕ್ ತೊಟ್ಟಿಗೂ ಹಾಕಿಸಬ್ಯಾಡ್ರಿ, ಸಡಿಲಾದ ಲೇಪ ಚಕ್ಕಿಯಾಗಿ ಏಳ್ತದ.

ತೊಳಿಬೇಕಂದ್ರ ಒಳಗಿನ ಮಷೀನು, ಡಯಲ್ ಎರಡೂ ಹೊರಗ ತಗಸ್ರಿ. ಬರೇ ಕೇಸಿಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳಿಯೋ ಸೋಪು, ಮೆತ್ತನ್ನ ಬ್ರಷ್ಷು ಸಾಕು. ಸಂದಿಯ ಬೆವರಿನ ಜಿಡ್ಡಿಗೆ ಕಟ್ಟಿಗಿ ಹಲ್ಲುಕಡ್ಡಿ; ಸೂಜಿ ಮುಟ್ಟಿಸಬ್ಯಾಡ್ರಿ. ಪೂರ್ತಿ ಒಣಗಿದ ಮ್ಯಾಲೆ ಜೋಡಿಸ್ರಿ, ತೇವ ಉಳದ್ರ ಡಯಲ್ ಮ್ಯಾಲೆ ಕಲಿ ಬೀಳ್ತದ.

ಖರೇ ಹೇಳಬೇಕಂದ್ರ ಭಾಳ ವಾಚು ಮಂಕ ಕಾಣೋದು ಗ್ಲಾಸಿನಿಂದ. ಅದು ಅಕ್ರಿಲಿಕ್ ಆಗಿದ್ರ ಪಾಲಿಶ್ ಪೇಸ್ಟ್ ಹಚ್ಚಿ ಹತ್ತಿ ಬಟ್ಟಿಲೆ 4–5 ನಿಮಿಷ ಉಜ್ಜಿದ್ರ ಸಣ್ಣ ಗೀರು ಹೋಗ್ತಾವ. ಕೇಸಿನ ಗೀರು ಅಜ್ಜಾರ ಕೈಯಾಗ ಬಿದ್ದಾವು, ಇರಲಿ ಬಿಡ್ರಿ.