ನಾಲ್ಕು ನೂರು ಸದಸ್ಯರ ದಾಖಲೆ, ಮೂರು ಬಗೆಯ ಪತ್ರ: ಎಷ್ಟು ತಂತ್ರಾಂಶ ಬೇಕು?

ಪ್ರಶ್ನೆ: ನಮ್ಮದು ಕೈಮಗ್ಗ ನೇಕಾರರ ಚಿಕ್ಕ ಸಹಕಾರ ಸಂಘ, 430 ಸದಸ್ಯರಿದ್ದಾರೆ. ಅವರ ವಿವರಗಳು ಎಕ್ಸೆಲ್‌ನಲ್ಲಿ, 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿವೆ. ಪ್ರತಿ ವರ್ಷ ಮಹಾಸಭೆಯ ತಿಳುವಳಿಕೆ ಪತ್ರ, ಷೇರು ಪ್ರಮಾಣಪತ್ರ ಹಾಗೂ ಪಡೆದ ನೂಲು, ಒಪ್ಪಿಸಿದ ಸೀರೆ, ಪಾವತಿಯಾದ ಮಜೂರಿಯ ಲೆಕ್ಕಪಟ್ಟಿಯನ್ನು ಅಚ್ಚು ಮಾಡಿ ಕೊಡಬೇಕು. ಈಗ ಒಬ್ಬರ ಪತ್ರದಲ್ಲಿ ಹೆಸರು ಅಳಿಸಿ ಇನ್ನೊಬ್ಬರದನ್ನು ಬರೆಯುತ್ತೇವೆ. ಕಳೆದ ಬಾರಿ ಒಬ್ಬರ ಮೊತ್ತ ಮತ್ತೊಬ್ಬರ ಪತ್ರದಲ್ಲಿ ಉಳಿದುಹೋಗಿ ಮುಜುಗರವಾಯಿತು. ಪ್ರತ್ಯೇಕ ತಂತ್ರಾಂಶ ಮಾಡಿಸಲು 60,000 ರೂಪಾಯಿ ಕೇಳಿದ್ದಾರೆ. ಪ್ರೋಗ್ರಾಮಿಂಗ್ ಬಾರದ ನಾವೇ ಇದನ್ನು ಮಾಡಿಕೊಳ್ಳಬಹುದೇ?
– ಸಂಘದ ಕಾರ್ಯದರ್ಶಿ

ಉತ್ತರ: ಮಾಡಿಕೊಳ್ಳಬಹುದು. ಆದರೆ ಯಾವ ತಂತ್ರಾಂಶ ಎಂದು ಕೇಳುವುದಕ್ಕೆ ಮೊದಲು, ಮೂರೂ ಪತ್ರಗಳ ಹಳೆಯ ಪ್ರತಿಗಳನ್ನು ಮೇಜಿನ ಮೇಲೆ ಹರಡಿಕೊಂಡು, ಸದಸ್ಯರಿಂದ ಸದಸ್ಯರಿಗೆ ಬದಲಾಗುವ ವಿವರಗಳ ಕೆಳಗೆ ಗೆರೆ ಎಳೆಯಿರಿ. ತಿಳುವಳಿಕೆ ಪತ್ರದಲ್ಲಿ ಹೆಸರು, ವಿಳಾಸ, ಸದಸ್ಯತ್ವ ಸಂಖ್ಯೆ ಮಾತ್ರ ಬದಲಾಗುತ್ತವೆ. ಪ್ರಮಾಣಪತ್ರದಲ್ಲಿ ಇವುಗಳ ಜೊತೆಗೆ ಷೇರುಗಳ ಸಂಖ್ಯೆ, ಮೊತ್ತ ಮತ್ತು ದಿನಾಂಕ. ಈ ಎರಡಕ್ಕೂ ಒಬ್ಬ ಸದಸ್ಯರಿಗೆ ಒಂದೇ ಸಾಲಿನ ಮಾಹಿತಿ ಸಾಕು. ಲೆಕ್ಕಪಟ್ಟಿಯ ಸ್ವಭಾವವೇ ಬೇರೆ. ಒಬ್ಬರು ವರ್ಷದಲ್ಲಿ ಐದು ಬಾರಿ ನೂಲು ಪಡೆದರೆ ಇನ್ನೊಬ್ಬರು ಮೂವತ್ತು ಬಾರಿ ಪಡೆದಿರುತ್ತಾರೆ. ನಿಮ್ಮ ಆಯ್ಕೆಯನ್ನು ನಿರ್ಧರಿಸುವುದು ಈ ವ್ಯತ್ಯಾಸವೇ.

ಮೊದಲ ಎರಡು ಪತ್ರಗಳಿಗೆ ಡೇಟಾಬೇಸ್, ಅಂದರೆ ಮಾಹಿತಿಯನ್ನು ಒಂದಕ್ಕೊಂದು ಬೆಸೆದ ಕೋಷ್ಟಕಗಳಲ್ಲಿ ಇಡುವ ವ್ಯವಸ್ಥೆ, ಬೇಡ. ಈಗಿರುವ ಎಕ್ಸೆಲ್ ಹಾಳೆ ಮತ್ತು ಮೇಲ್ ಮರ್ಜ್ ಸಾಕು. ಮಾದರಿ ಪತ್ರವನ್ನು ಒಮ್ಮೆ ಬರೆದು, ಬದಲಾಗುವ ಜಾಗಗಳಲ್ಲಿ ಕಾಲಂಗಳ ಹೆಸರನ್ನು ಸೇರಿಸಿದರೆ 430 ಪತ್ರಗಳೂ ತಾವಾಗಿಯೇ ತಯಾರಾಗುತ್ತವೆ. ಹೆಸರನ್ನು ಯಾರೂ ಕೈಯಿಂದ ಅಳಿಸದಿರುವುದರಿಂದ ಕಳೆದ ಬಾರಿಯ ತಪ್ಪಿಗೆ ಅವಕಾಶವೇ ಇರುವುದಿಲ್ಲ. ವರ್ಡ್‌ನಲ್ಲಿ ಈ ಸೌಲಭ್ಯ ಚೆನ್ನಾಗಿದೆಯಾದರೂ ಅದು ಎಲ್ಲ ಪತ್ರಗಳನ್ನೂ ಒಂದೇ ಉದ್ದದ ಕಡತವಾಗಿ ಕೊಡುತ್ತದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ರೈಟರ್ ಪ್ರತಿ ಸದಸ್ಯರಿಗೂ ಪ್ರತ್ಯೇಕ ಪಿಡಿಎಫ್ ಮಾಡಿ, ನೀವು ಸೂಚಿಸಿದ ಕಾಲಂನಿಂದ, ಅಂದರೆ ಸದಸ್ಯತ್ವ ಸಂಖ್ಯೆಯಿಂದಲೇ, ಕಡತಕ್ಕೆ ಹೆಸರು ಕೊಡಬಲ್ಲದು. ವಾಟ್ಸ್ಆ್ಯಪ್‌ನಲ್ಲಿ ಪತ್ರ ಕಳುಹಿಸುವವರಿಗೆ ಇದು ದೊಡ್ಡ ಅನುಕೂಲ.

ಲೆಕ್ಕಪಟ್ಟಿಗೆ ಮಾತ್ರ ನಿಜವಾದ ಡೇಟಾಬೇಸ್ ಬೇಕು. 'ನೂಲು 1', 'ನೂಲು 2' ಎಂದು ಹಾಳೆಯನ್ನು ಬಲಕ್ಕೆ ಬೆಳೆಸುತ್ತಾ ಹೋಗುವುದು ಹೆಚ್ಚಿನವರು ಹಿಡಿಯುವ ದಾರಿ. ಎರಡನೇ ವರ್ಷದ ಹೊತ್ತಿಗೆ ಆ ಹಾಳೆ ಯಾರ ಕೈಗೂ ಸಿಗುವುದಿಲ್ಲ. ಅದರ ಬದಲು ಎರಡು ಕೋಷ್ಟಕಗಳಿರಲಿ. ಒಂದರಲ್ಲಿ ಸದಸ್ಯರು, ಪ್ರತಿಯೊಬ್ಬರಿಗೂ ಎಂದೂ ಬದಲಾಗದ ಒಂದು ಸಂಖ್ಯೆ. ಇನ್ನೊಂದರಲ್ಲಿ ವ್ಯವಹಾರಗಳು, ಪ್ರತಿ ಸಾಲಿನಲ್ಲಿಯೂ ಆ ಸಂಖ್ಯೆ, ದಿನಾಂಕ, ನೂಲಿನ ತೂಕ, ಸೀರೆಗಳ ಎಣಿಕೆ, ಮಜೂರಿ. ಎರಡನ್ನೂ ಬೆಸೆಯುವುದು ಸಂಖ್ಯೆಯೇ ಹೊರತು ಹೆಸರಲ್ಲ. ನೇಕಾರರ ಊರಿನಲ್ಲಿ ಒಂದೇ ಹೆಸರಿನವರು ಎಷ್ಟು ಜನ ಇರುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಕೆಲಸಕ್ಕೆ ಮೈಕ್ರೋಸಾಫ್ಟ್ ಆ್ಯಕ್ಸೆಸ್ ಅಥವಾ ಲಿಬ್ರೆಆಫೀಸ್ ಬೇಸ್, ಎರಡರಲ್ಲಿ ಯಾವುದಾದರೂ ಆದೀತು. ಆ್ಯಕ್ಸೆಸ್‌ನ ವರದಿ ವಿನ್ಯಾಸ ಹೆಚ್ಚು ಪಳಗಿದ್ದು, ವರದಿಯನ್ನು ನೇರವಾಗಿ ಪಿಡಿಎಫ್ ಮಾಡುತ್ತದೆ. ಕಡತದ ಗಾತ್ರಕ್ಕೆ ಅದು ಹಾಕುವ 2 ಜಿಬಿ ಮಿತಿಯನ್ನು ನೀವು ಎಂದೂ ಮುಟ್ಟುವುದಿಲ್ಲ. ಆದರೆ ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಹಣವನ್ನೂ ಕೊಡಬೇಕು. ಕಚೇರಿಯಲ್ಲಿ ಈಗಾಗಲೇ ಅದರ ಪರವಾನಗಿ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಬೇಸ್. ಬೇಸ್‌ನ ವರದಿಗಳಿಗೆ ಜಾವಾ ಎಂಬ ಇನ್ನೊಂದು ತಂತ್ರಾಂಶ ಬೇಕಾಗುತ್ತದೆ ಎಂಬುದು ಸಣ್ಣ ತೊಡಕು. ದೊಡ್ಡ ತೊಡಕೆಂದರೆ, ಅದು ಮಾಹಿತಿಯನ್ನು ತನ್ನ ಕಡತದೊಳಗೆ ಒತ್ತಿಟ್ಟುಕೊಳ್ಳುವ ರೀತಿಯಿಂದಾಗಿ, ಕೆಲಸದ ನಡುವೆ ವಿದ್ಯುತ್ ಹೋದರೆ ದಿನದ ನಮೂದುಗಳು ಕಳೆದುಹೋಗುವ, ಕಡತವೇ ಕೆಡುವ ಅಪಾಯವಿದೆ. ಆದ್ದರಿಂದ ಯುಪಿಎಸ್ ಇಲ್ಲದೆ ಬೇಸ್ ತೆರೆಯಬೇಡಿ. ಹತ್ತು ನಮೂದಿಗೊಮ್ಮೆ ಸೇವ್ ಮಾಡಿ. ಸಂಜೆ ಕಡತದ ಹೆಸರಿಗೆ ದಿನಾಂಕ ಸೇರಿಸಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಇದಕ್ಕಿಂತ ಗಟ್ಟಿಯಾದದ್ದು, ನಿಮ್ಮ ಮೊಬೈಲಿನೊಳಗೂ ಇರುವಂಥದ್ದು. ಆದರೆ ಅದಕ್ಕೆ ನಮೂದಿನ ಪರದೆಯೂ ಇಲ್ಲ, ಅಚ್ಚಿನ ಸೌಲಭ್ಯವೂ ಇಲ್ಲ, ಅವನ್ನು ಬೇರೆಯವರು ಕಟ್ಟಿಕೊಡಬೇಕು. ಒಂದೇ ಕಂಪ್ಯೂಟರ್ ಇರುವಲ್ಲಿ ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಬಳಸುವ ಮೈಎಸ್‌ಕ್ಯೂಎಲ್‌ನಂತಹ ಡೇಟಾಬೇಸ್ ಸರ್ವರ್ ಅನಗತ್ಯ.

ಇವೆಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ನಿಮ್ಮ ಹಳೆಯ ನುಡಿ ಅಕ್ಷರಗಳು. ಅಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟ್ ತಪ್ಪಿದರೆ ಅರ್ಥವಿಲ್ಲದ ಗೀಚು. ಹುಡುಕಾಟವಾಗಲಿ ಅಕಾರಾದಿ ಜೋಡಣೆಯಾಗಲಿ ಅಲ್ಲಿ ಸರಿಯಾಗಿ ನಡೆಯದು. ಹಾಗಾಗಿ ಮೊದಲು ಯೂನಿಕೋಡ್‌ಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಪದ್ಧತಿಗೆ, ಪರಿವರ್ತಿಸಿ; 'ನುಡಿ', 'ಬರಹ' ಎಂಬ ಎರಡು ತಂತ್ರಾಂಶಗಳ ಜೊತೆಯಲ್ಲಿಯೂ ಪರಿವರ್ತಕ ಬರುತ್ತದೆ. ಪರಿವರ್ತಿಸುವಾಗ ಇಡೀ ಹಾಳೆಯನ್ನು ಒಮ್ಮೆಗೇ ಕೊಡದೆ ಕನ್ನಡದ ಕಾಲಂಗಳನ್ನು ಮಾತ್ರ ಕೊಡಿ, ಏಕೆಂದರೆ ಐಎಫ್‌ಎಸ್‌ಸಿ ಸಂಕೇತದಂತಹ ಅಪ್ಪಟ ಇಂಗ್ಲಿಷ್ ಅಕ್ಷರಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕೆಡಿಸುತ್ತದೆ. ಬಳಿಕ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಿ: ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಅದರ ರಕಾರ ಮೊದಲು ಬರುತ್ತದೆ, ಧರ್ಮಪ್ಪ, ಪಾರ್ವತಮ್ಮ ಮುಂತಾದ ಹೆಸರುಗಳು ಎಡವುವುದು ಇಲ್ಲಿಯೇ.

ಯೂನಿಕೋಡ್ ಆದ ಮೇಲೂ ಒಂದು ಚಮತ್ಕಾರ ಕಾದಿರುತ್ತದೆ. ಅದರ ಸಂಕೇತಪಟ್ಟಿಯಲ್ಲಿ 'ಳ' ಅಕ್ಷರವು 'ಲ'ದ ಪಕ್ಕದಲ್ಲಿಯೇ, 'ವ'ಕ್ಕಿಂತ ಮೊದಲು ಇದೆ. ನಮ್ಮ ವರ್ಣಮಾಲೆಯಲ್ಲಿ ಅದು 'ಹ'ದ ನಂತರದ್ದು. ಬರಿಯ ಸಂಕೇತದ ಕ್ರಮದಲ್ಲಿ ಜೋಡಿಸುವ ತಂತ್ರಾಂಶ ಕಳಕಪ್ಪನವರನ್ನು ಕವಿತಾ ಅವರಿಗಿಂತ ಮುಂದೆ ಕೂರಿಸುತ್ತದೆ. ಪಟ್ಟಿಗಳನ್ನು ಸದಸ್ಯತ್ವ ಸಂಖ್ಯೆಯ ಕ್ರಮದಲ್ಲಿಯೇ ಅಚ್ಚು ಮಾಡಿದರೆ ಈ ತಕರಾರೇ ಇಲ್ಲ. ಬ್ಯಾಂಕ್ ಖಾತೆ ಸಂಖ್ಯೆಯ ಕಾಲಂ ಅನ್ನು ಮಾತ್ರ ಮರೆಯದೆ 'ಟೆಕ್ಸ್ಟ್' ಎಂದು ಗುರುತಿಸಿ: ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕೆಗಳನ್ನಷ್ಟೇ ಕಾಯ್ದುಕೊಂಡು, ಹದಿನಾರನೆಯದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ.

ಕೊಟ್ಟ ಪ್ರತಿ ಪ್ರಮಾಣಪತ್ರದ ಪಿಡಿಎಫ್ ಅನ್ನು ವರ್ಷವಾರು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಬೇಕಾದಾಗ ಡೇಟಾಬೇಸ್‌ನಿಂದ ಮತ್ತೆ ತೆಗೆಯಬಹುದಲ್ಲ ಎನಿಸಬಹುದು. ಆದರೆ ಅಷ್ಟರಲ್ಲಿ ವಿಳಾಸವೋ ಷೇರು ಮೊತ್ತವೋ ಬದಲಾಗಿದ್ದರೆ ಹೊರಬರುವುದು ಅಂದು ಕೊಟ್ಟ ಪತ್ರವಲ್ಲ, ಇಂದಿನ ಪತ್ರ. ಲೆಕ್ಕಪರಿಶೋಧಕರು ಕೇಳುವುದು ಅಂದು ಕೊಟ್ಟದ್ದನ್ನು.

ಇನ್ನು 60,000 ರೂಪಾಯಿಯ ಮಾತು. ಆ ಬೆಲೆ ಹೆಚ್ಚೋ ಕಡಿಮೆಯೋ ಎನ್ನುವುದಕ್ಕಿಂತ, ಎಲ್ಲ ಮಾಹಿತಿಯನ್ನೂ ಯಾವಾಗ ಬೇಕಾದರೂ ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಂತಹ ತಂತ್ರಾಂಶಗಳಲ್ಲಿ ತೆರೆಯಬಹುದಾದ ಸಾದಾ ಪಠ್ಯದ ಕೋಷ್ಟಕ) ಹೊರತೆಗೆಯುವ ಗುಂಡಿ ಇದೆಯೇ, ಪತ್ರದ ಮಾದರಿಯ ಒಂದು ವಾಕ್ಯವನ್ನು ನೀವೇ ತಿದ್ದಬಹುದೇ ಎಂದು ಅವರನ್ನು ಕೇಳಿ. ಎರಡರಲ್ಲಿ ಒಂದಕ್ಕೆ ಇಲ್ಲವೆಂದರೂ ಒಪ್ಪಬೇಡಿ. ಸದ್ಯಕ್ಕೆ ಈ ಬಾರಿಯ ಮಹಾಸಭೆಯ ತಿಳುವಳಿಕೆ ಪತ್ರವನ್ನಷ್ಟೇ ಮೇಲ್ ಮರ್ಜ್‌ನಲ್ಲಿ ಮಾಡಿ ಕೈ ಕುದುರಿಸಿಕೊಳ್ಳಿ. ಲೆಕ್ಕಪಟ್ಟಿಯ ನಮೂದನ್ನು ಏಪ್ರಿಲ್ 1ರಿಂದ ಆರಂಭಿಸಿ. ಆಗ ಹಳೆಯ ಲೆಡ್ಜರ್‌ನಿಂದ ಪ್ರತಿ ಸದಸ್ಯರ ಆರಂಭಿಕ ಶಿಲ್ಕನ್ನು ಒಂದೇ ಸಾಲಿನಲ್ಲಿ ಇಳಿಸಿಕೊಂಡರೆ ಸಾಕು, ಹಿಂದಿನ ವರ್ಷಗಳನ್ನೆಲ್ಲ ಟೈಪ್ ಮಾಡುವ ಅಗತ್ಯ ಬೀಳುವುದಿಲ್ಲ.