ವಾಣಿವಿಲಾಸ ಸಾಗರದಲ್ಲಿ ಸಣ್ಣ ಕೀಲ್‌ಬೋಟ್‌ಗಳ ರೇಸ್ ನಡೆಸಬಹುದೇ?

ನಡೆಸಬಹುದು, ಆದರೆ ಗಾಳಿಗಿಂತ ಮೊದಲು ನೀರಿನ ಆಳವನ್ನು ನೋಡಬೇಕು. ಕೀಲ್‌ಬೋಟ್ ಎಂಬ ಹಾಯಿದೋಣಿಯ ತಳಕ್ಕೆ ‘ಕೀಲ್’ ಎಂಬ, ನೀರಿನೊಳಗೆ ಇಳಿದಿರುವ ರೆಕ್ಕೆಯಂಥ ಭಾರವಾದ ಲೋಹದ ಭಾಗವನ್ನು ಕದಲದಂತೆ ಜೋಡಿಸಿರುತ್ತಾರೆ. ಹಾಯಿಗೆ ಬಡಿದ ಗಾಳಿ ದೋಣಿಯನ್ನು ಪಕ್ಕಕ್ಕೆ ವಾಲಿಸಿದಾಗ ಈ ಭಾರವೇ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ, ಅಡ್ಡಕ್ಕೆ ಜಾರದಂತೆಯೂ ತಡೆಯುತ್ತದೆ. ಕ್ಲಬ್ ರೇಸುಗಳಲ್ಲಿ ಹೆಸರಾದ, 24 ಅಡಿ ಉದ್ದದ ಜೆ/24 ದೋಣಿಯ ಕೀಲ್ ನೀರಿನ ಮಟ್ಟದಿಂದ ಸುಮಾರು 4 ಅಡಿ ಕೆಳಗಿನವರೆಗೆ ಇಳಿದಿರುತ್ತದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಎಂದೂ ಕರೆಯುವ ಈ ಜಲಾಶಯದ ನಡುವೆ ಆಳಕ್ಕೆ ಕೊರತೆಯಿಲ್ಲ. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಮಾತ್ರ ಅಂಚಿನಲ್ಲಿ ಕೀಲ್ ನೆಲಕ್ಕೆ ತಗಲುವ ಅಪಾಯವಿದೆ. ಇಂಥ ದೋಣಿಯನ್ನು ದಡದಿಂದ ಕೈಯಲ್ಲಿ ನೂಕಿ ಇಳಿಸಲಾಗದು, ಕ್ರೇನ್ ಅಥವಾ ಆಳದವರೆಗೆ ಹೋಗುವ ಇಳಿಜಾರು ಬೇಕು. ಆದ್ದರಿಂದ ಚಿತ್ರದುರ್ಗದಲ್ಲಿ ಹೊಸದಾಗಿ ಕಟ್ಟುವ ಕ್ಲಬ್ಬು, ತಳದ ಹಲಗೆಯನ್ನು ಮೇಲಕ್ಕೆತ್ತಿಕೊಳ್ಳಬಹುದಾದ ಡಿಂಗಿ ಎಂಬ ಚಿಕ್ಕ ಹಾಯಿದೋಣಿಗಳಿಂದಲೇ ಆರಂಭಿಸುವುದು ಉಚಿತವೆಂಬುದು ನನ್ನ ಖಚಿತ ಅಭಿಪ್ರಾಯ.