ಓದುಗರ ಪ್ರಶ್ನೆ: ಕ್ಲಿನಿಕಲ್ ಟ್ರಯಲ್‌ಗೆ ಸಹಿ ಹಾಕುವ ಮುನ್ನ

ಔಷಧಿ, ಲಸಿಕೆ, ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಕ್ಲಿನಿಕಲ್ ಟ್ರಯಲ್ ಬಗ್ಗೆ ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಕೇಳಿದ ಐದು ಪ್ರಶ್ನೆಗಳಿಗೆ ಈ ಸಲ ಉತ್ತರ.

*ಅಮ್ಮನಿಗೆ 61 ವರ್ಷ, ಬಾಯಿ ಕ್ಯಾನ್ಸರ್. ಹುಬ್ಬಳ್ಳಿಯಿಂದ ಕರೆತಂದು ಮುಂಬಯಿಯಲ್ಲಿ ತೋರಿಸುತ್ತಿದ್ದೇವೆ. ಡಾಕ್ಟರು ಒಂದು ಟ್ರಯಲ್‌ಗೆ ಸೇರಿಸೋಣ ಅಂದರು. ಕೊಟ್ಟ 18 ಪುಟದ ಫಾರಂ ಹಿಂದಿಯಲ್ಲಿದೆ, ಅಮ್ಮನಿಗೆ ಬರುವುದು ಕನ್ನಡ ಮಾತ್ರ. ‘ನೀವೇ ಹೇಳಿ ಸಹಿ ಹಾಕಿಸಿ’ ಎನ್ನುತ್ತಾರೆ. ಅವಳನ್ನು ಪ್ರಯೋಗದ ಇಲಿ ಮಾಡುತ್ತಿದ್ದಾರೆಯೇ?*
— ಓದುಗರು, ಡೊಂಬಿವಲಿ

ಹಿಂದಿ ಫಾರಂ ಮೇಲೆ ಅಮ್ಮನ ಸಹಿ ಬೇಡ. ಮಾಹಿತಿ ಪತ್ರವೂ ಒಪ್ಪಿಗೆ ಪತ್ರವೂ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಎಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ನೀವು ಬಾಯಿಮಾತಿನಲ್ಲಿ ಹೇಳಿದ್ದು ಅದರ ಬದಲಿಗೆ ಬರುವುದಿಲ್ಲ. ನೀವು ಮಗಳು, ಭಯವಾಗುವ ಸಾಲು ಬಂದಾಗ ಗೊತ್ತಿಲ್ಲದೆಯೇ ಹಾರಿಸಿಬಿಡುತ್ತೀರಿ.

ಟ್ರಯಲ್ ಕೋಆರ್ಡಿನೇಟರ್ ಹತ್ತಿರ ಕೇಳಬೇಕಾದ ಮಾತು ಇಷ್ಟೇ: ‘ಎಥಿಕ್ಸ್ ಕಮಿಟಿ ಒಪ್ಪಿದ ಕನ್ನಡ ಫಾರಂ ಕೊಡಿ.’ ಟ್ರಯಲ್‌ಗೆ ಸೇರುವವರ ಹಿತ ಕಾಯಲೆಂದು ಇರುವ ಸಮಿತಿ ಅದು. ಇಲ್ಲವೆಂದರೆ ಅನುವಾದ ಆಗಬೇಕು, ಅದನ್ನು ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಬೇಕು, ಕಮಿಟಿ ಒಪ್ಪಬೇಕು. ಇದಕ್ಕೆ ಕೆಲವು ವಾರ ಹಿಡಿಯಬಹುದು. ಆದರೆ ಅದೇ ಟ್ರಯಲ್ ಬೆಂಗಳೂರು, ಮಣಿಪಾಲ ಅಥವಾ ಬೆಳಗಾವಿಯ ಆಸ್ಪತ್ರೆಯಲ್ಲೂ ನಡೆಯುತ್ತಿದ್ದರೆ ಕನ್ನಡ ಫಾರಂ ಬಹುತೇಕ ತಯಾರಾಗಿಯೇ ಇರುತ್ತದೆ. ಅದನ್ನು ತರಿಸಿ ಇಲ್ಲಿನ ಕಮಿಟಿಯ ಮುಂದಿಟ್ಟರೆ ಆಯಿತು. ಎಷ್ಟೋ ಸಲ ಯಾರೂ ಕೇಳದ ಕಾರಣಕ್ಕೇ ಅದು ಇಲ್ಲಿಗೆ ಬಂದಿರುವುದಿಲ್ಲ. ಜೊತೆಗೆ, ಚಿಕಿತ್ಸೆ ಎಷ್ಟು ದಿನ ತಡೆದರೆ ಅಪಾಯವಿಲ್ಲ ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕಾಯಲು ಆಗದಿದ್ದರೆ ಮಾಮೂಲಿ ಚಿಕಿತ್ಸೆ ಶುರುಮಾಡುವುದೇ ಸರಿ. ಹಾಗೆ ಶುರುಮಾಡಿದ ಮೇಲೆ ಕೆಲವು ಟ್ರಯಲ್‌ಗಳಿಗೆ ಸೇರಲು ಬರುವುದಿಲ್ಲ, ಅದೂ ತಿಳಿದಿರಲಿ.

ಇಲಿಯ ಮಾತಿಗೆ ಬರೋಣ. ಟ್ರಯಲ್ ಅಂದರೆ ಯಾವಾಗಲೂ ಹೊಸ ಗುಳಿಗೆಯಲ್ಲ. ಬಾಯಿ ಕ್ಯಾನ್ಸರಿನದೇ ಉದಾಹರಣೆ ಇದೆ. ಬಾಯಿಯ ಗಡ್ಡೆ ತೆಗೆಯುವಾಗಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೋ, ಅಲ್ಲಿ ರೋಗ ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೋ ಎಂದು ಸರ್ಜನ್‌ಗಳಲ್ಲೇ ದಶಕಗಳ ಕಾಲ ಎರಡು ಅಭಿಪ್ರಾಯವಿತ್ತು. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಎರಡೂ ಕ್ರಮವನ್ನು ರೋಗಿಗಳಲ್ಲಿ ಹೋಲಿಸಿ ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂರು ವರ್ಷದ ನಂತರ ಬದುಕಿದ್ದವರು, ಮೊದಲೇ ತೆಗೆದ ಗುಂಪಿನಲ್ಲಿ ಶೇ. 80, ಕಾದು ತೆಗೆದ ಗುಂಪಿನಲ್ಲಿ ಶೇ. 67.5. ಇವತ್ತು ನಿಮ್ಮ ಅಮ್ಮನಿಗೆ ಏನು ಮಾಡಬೇಕೆಂದು ಡಾಕ್ಟರಿಗೆ ಗೊತ್ತಿರುವುದು ಆ ರೋಗಿಗಳು ಒಪ್ಪಿದ್ದರಿಂದ.

ಹಾಗೆಂದು ಟ್ರಯಲ್ ಎಂದರೆ ‘ಒಳ್ಳೆಯ ಹೊಸ ಔಷಧಿ ಸಿಗುತ್ತದೆ’ ಎಂದೂ ಅಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ, ಡಾಕ್ಟರ ಕೈಯಲ್ಲಿರುವುದಿಲ್ಲ. ಕ್ಯಾನ್ಸರ್ ಟ್ರಯಲ್‌ನಲ್ಲಿ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ತೋರಿಕೆಯ ಗುಳಿಗೆ, ಕೊಟ್ಟರೂ ಸಾಮಾನ್ಯವಾಗಿ ಅದು ಮಾಮೂಲಿ ಚಿಕಿತ್ಸೆಯ ಜೊತೆಗೆ. ನಿಮ್ಮ ಟ್ರಯಲ್‌ನಲ್ಲಿ ಹೇಗೆಂದು ಕೇಳಿಕೊಳ್ಳಿ.

ಕನ್ನಡ ಫಾರಂ ಬಂದ ಮೇಲೂ ಒಂದು ತೊಡಕಿದೆ. ಅದರಲ್ಲಿ ‘ಯಾದೃಚ್ಛಿಕೀಕರಣ’ (ಚೀಟಿ ಎತ್ತಿದ ಹಾಗೆ ಗುಂಪು ಆರಿಸುವುದು), ‘ಗಂಭೀರ ಪ್ರತಿಕೂಲ ಘಟನೆ’ (ಆಸ್ಪತ್ರೆ ಸೇರುವಂಥ ದೊಡ್ಡ ತೊಂದರೆ) ಎಂಬ ಮಾತುಗಳಿರುತ್ತವೆ. ತಿರುಗಿಸಿ ತಾಳೆ ನೋಡಿದಾಗ ಅವು ಪಾಸಾಗುತ್ತವೆ, ಅಮ್ಮನಿಗೆ ಮಾತ್ರ ತಿಳಿಯುವುದಿಲ್ಲ. ಆದ್ದರಿಂದ ಫಾರಂ ಮನೆಗೆ ತನ್ನಿ, ಎರಡು ದಿನ ಬಿಟ್ಟು ಅಮ್ಮನ ಬಾಯಿಂದಲೇ ನಾಲ್ಕು ಸಂಗತಿ ಹೇಳಿಸಿ: ಏನನ್ನು ಪರೀಕ್ಷಿಸುತ್ತಿದ್ದಾರೆ, ಸೇರದಿದ್ದರೆ ಯಾವ ಚಿಕಿತ್ಸೆ, ಆಗಬಹುದಾದ ಕೆಟ್ಟದ್ದೇನು, ಬೇಡವೆನಿಸಿದರೆ ಏನು ಮಾಡಬೇಕು. ಒಂದು ತಪ್ಪಿದರೂ ಮತ್ತೆ ಡಾಕ್ಟರ ಬಳಿ ಕೂತು ಕೇಳಿಸಿ. ಸಹಿಯ ಪಕ್ಕದ ತಾರೀಖನ್ನೂ ಅಮ್ಮನೇ ಬರೆಯಬೇಕು. ಓದುಬರಹ ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ವಿವರಣೆಯ ಉದ್ದಕ್ಕೂ ಅಲ್ಲೇ ಕೂತಿರಬೇಕು, ಕೊನೆಗೆ ಬಂದು ಸಹಿ ಹಾಕಿ ಹೋಗುವಂತಿಲ್ಲ. ಸಹಿಯಾದ ಫಾರಂನ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಪುಟದ ಅಡಿಯಲ್ಲಿ ವರ್ಷನ್ ನಂಬರ್, ತಾರೀಖು ಇರುತ್ತದೆ. ಎಲ್ಲ ಪುಟದಲ್ಲೂ ಅದು ಒಂದೇ ಇದೆಯೇ ನೋಡಿ.

*ಯಜಮಾನರಿಗೆ ಹೃದಯದ ಟ್ರಯಲ್‌ಗೆ ಕೊಟ್ಟ ಕನ್ನಡ ಫಾರಂನಲ್ಲಿ ವರಮಾನ ಎಷ್ಟು, ನಾಮಿನಿ ಯಾರು ಎಂದು ಕೇಳಿದ್ದಾರೆ. ಇನ್ಶೂರೆನ್ಸ್ ಹಾಗೆ ‘ಸತ್ತರೆ’ ಅನ್ನುವುದು ಮೊದಲೇ ಬಂತಲ್ಲ ಎಂದು ಅವರು ಹಿಂದೆ ಸರಿದಿದ್ದಾರೆ.*
— ಓದುಗರು, ಘಾಟ್‌ಕೋಪರ್

ಹೆದರುವ ಸಾಲು ಅದಲ್ಲ, ಅದು ಇಲ್ಲದ ಫಾರಂ ಬಂದರೆ ಅನುಮಾನಪಡಬೇಕು. ಹೊಸ ಔಷಧಿಯ ಟ್ರಯಲ್‌ಗಳ ಒಪ್ಪಿಗೆ ಪತ್ರದಲ್ಲಿ ವಿದ್ಯಾಭ್ಯಾಸ, ಉದ್ಯೋಗ, ವಾರ್ಷಿಕ ವರಮಾನ, ನಾಮಿನಿಯ ಹೆಸರು ಕೇಳಬೇಕೆಂದು ನಿಯಮವೇ ಇದೆ. ಟ್ರಯಲ್‌ನಿಂದ ಸಾವು ಸಂಭವಿಸಿದರೆ ಪರಿಹಾರ ಯಾರ ಕೈ ಸೇರಬೇಕು ಎಂಬುದಕ್ಕೆ ಆ ಹೆಸರು.

ಪರಿಹಾರದ ಲೆಕ್ಕವೂ ನಿಯಮದಲ್ಲಿದೆ. ಮೂಲ ಮೊತ್ತ 8 ಲಕ್ಷ ರೂಪಾಯಿ. ಅದನ್ನು ವಯಸ್ಸಿನ ಅಂಶದಿಂದಲೂ ಆರೋಗ್ಯಸ್ಥಿತಿಯ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸುತ್ತಾರೆ. ಆರೋಗ್ಯದ ಅಂಶ, ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದವರಿಗೆ 0.5, ಆರೋಗ್ಯವಂತರಿಗೆ 4. 65 ದಾಟಿದವರ ವಯಸ್ಸಿನ ಅಂಶವೂ 99.37. ಹಾಗಾಗಿ ಆ ವಯಸ್ಸಿನ ಆರೋಗ್ಯವಂತರಿಗೆ 32 ಲಕ್ಷ, ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದವರಿಗೆ 4 ಲಕ್ಷ. ವಯಸ್ಸು ಕಡಿಮೆಯಿದ್ದಷ್ಟೂ ಮೊತ್ತ ಹೆಚ್ಚು. ಸರ್ಕಾರದ ಔಷಧ ನಿಯಂತ್ರಕರ ಆದೇಶ ಕೈಸೇರಿದ 30 ದಿನದೊಳಗೆ ಸ್ಪಾನ್ಸರ್, ಅಂದರೆ ಟ್ರಯಲ್‌ನ ಹೊಣೆ ಹೊತ್ತ ಕಂಪನಿ ಅಥವಾ ಸಂಸ್ಥೆ, ಹಣ ಕೊಡಬೇಕು.

ದುಡ್ಡಿಗಿಂತ ಮೊದಲು ಬೇಕಾದದ್ದು ಚಿಕಿತ್ಸೆ. ತೊಂದರೆ ಟ್ರಯಲ್‌ನಿಂದ ಆದದ್ದಲ್ಲ ಎಂದು ಸಾಬೀತಾಗುವವರೆಗೆ ಅದರ ಚಿಕಿತ್ಸೆ ಉಚಿತ. ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಅಥವಾ ಜೀವಕ್ಕೆ ಅಪಾಯವಾದರೆ, ಟ್ರಯಲ್ ಡಾಕ್ಟರು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೆ, ಸ್ಪಾನ್ಸರ್‌ಗೆ, ಎಥಿಕ್ಸ್ ಕಮಿಟಿಗೆ ವರದಿ ಮಾಡಬೇಕು. ಇಲ್ಲಿ ಎಡವುವುದು ಮನೆಯವರು: ರಾತ್ರಿ ಎದೆನೋವು ಬಂತೆಂದು ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿ, ಟ್ರಯಲ್‌ನವರಿಗೆ ಹದಿನೈದು ದಿನದ ಮೇಲೆ ಹೇಳುತ್ತಾರೆ. ಹತ್ತಿರದ ಆಸ್ಪತ್ರೆಗೇ ಹೋಗಿ, ಆದರೆ ದಾರಿಯಲ್ಲೇ ಟ್ರಯಲ್ ಡಾಕ್ಟರಿಗೆ ಫೋನ್ ಮಾಡಿ, ಬಿಲ್ಲು ಮತ್ತು ಡಿಸ್ಚಾರ್ಜ್ ಪತ್ರ ಜೋಪಾನವಾಗಿಡಿ. ಫಾರಂನ ಮೇಲಿರುವ ಆ ನಂಬರನ್ನು ಮನೆಯವರ ಮೊಬೈಲಿನಲ್ಲಿ ಇವತ್ತೇ ಸೇವ್ ಮಾಡಿಡಿ.

*ಟ್ರಯಲ್ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?*
— ಓದುಗರು, ಪಿಂಪ್ರಿ

ಭಾರತೀಯ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ, ಅಂದರೆ ಸಿಟಿಆರ್‌ಐ, 2007ರಿಂದ ಇದೆ. ಯಾರು ಬೇಕಾದರೂ ಆನ್‌ಲೈನಿನಲ್ಲಿ ಉಚಿತವಾಗಿ ನೋಡಬಹುದು. ಡಾಕ್ಟರ ಬಳಿ ನಂಬರ್ ಕೇಳಿ. ಅದು ಸಿಟಿಆರ್‌ಐ ಎಂದು ಶುರುವಾಗಿ, ವರ್ಷ, ತಿಂಗಳು, ಆಮೇಲೆ ಆರಂಕಿ ಹೀಗೆ ಇರುತ್ತದೆ. ಪುಟ ತೆರೆದು ನಿಮ್ಮ ಆಸ್ಪತ್ರೆಯೂ ಡಾಕ್ಟರ ಹೆಸರೂ ಪಟ್ಟಿಯಲ್ಲಿದೆಯೇ, ಎಥಿಕ್ಸ್ ಕಮಿಟಿಯ ಒಪ್ಪಿಗೆ ದಾಖಲಾಗಿದೆಯೇ ನೋಡಿ. ನೋಂದಣಿ ತಾರೀಖು ಮೊದಲ ರೋಗಿ ಸೇರಿದ ತಾರೀಖಿಗಿಂತ ಹಿಂದಿನದಾಗಿರಬೇಕು. 2018ರ ಏಪ್ರಿಲ್‌ನಿಂದ ಟ್ರಯಲ್ ಶುರುವಾದ ಮೇಲೆ ನೋಂದಾಯಿಸಲು ಅವಕಾಶವಿಲ್ಲ. ಔಷಧ ನಿಯಂತ್ರಕರ ಒಪ್ಪಿಗೆಯ ಜಾಗದಲ್ಲಿ ‘ಅನ್ವಯಿಸುವುದಿಲ್ಲ’ ಎಂದಿದ್ದರೆ ಅದೊಂದರಿಂದಲೇ ನಕಲಿ ಎನ್ನಬೇಡಿ. ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧಿಯ ಮೇಲೆ ಕಾಲೇಜುಗಳು ನಡೆಸುವ ಅಧ್ಯಯನಕ್ಕೆ ಎಷ್ಟೋ ಬಾರಿ ಕಮಿಟಿಯ ಒಪ್ಪಿಗೆ ಸಾಕು.

ಟ್ರಯಲ್ ಔಷಧಿಗೆ, ಟ್ರಯಲ್‌ಗೆಂದೇ ಮಾಡುವ ಪರೀಕ್ಷೆಗೆ ದುಡ್ಡು ಕೇಳಿದರೆ ಎದ್ದು ಬನ್ನಿ.

*ಅತ್ತೆ ಸಕ್ಕರೆ ಕಾಯಿಲೆಯ ಟ್ರಯಲ್‌ನಲ್ಲಿದ್ದಾರೆ. ಮದುವೆಗೆಂದು ಒಂದು ತಿಂಗಳು ಗದಗಕ್ಕೆ ಹೋಗಬೇಕು. ಬಿಟ್ಟುಬಿಡಬಹುದೇ? ಕಷಾಯವನ್ನೂ ಕುಡಿಯುತ್ತಾರೆ, ಅದನ್ನು ಹೇಳಬೇಕೇ?*
— ಓದುಗರು, ವಾಸ್ಕೊ

ಯಾವತ್ತು ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು. ಬಿಟ್ಟರೆಂದು ಆಸ್ಪತ್ರೆಯವರು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಹೇಳದೆ ಮಾಯವಾಗಬೇಡಿ. ಮಾತ್ರೆ ಒಮ್ಮೆಲೇ ನಿಂತರೆ ಸಕ್ಕರೆ ಏರಬಹುದು, ಅದರ ಬದಲು ಏನು ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಬೇಕು.

ನಿಜವಾಗಿ ಬಿಡಬೇಕಾಗಿಯೇ ಇಲ್ಲದಿರಬಹುದು. ಪ್ರತಿ ಭೇಟಿಗೂ ಹಿಂದೆಮುಂದೆ ಕೆಲವು ದಿನಗಳ ಸಡಿಲ ಇರುತ್ತದೆ. ಲಗ್ನಪತ್ರಿಕೆ ಕೈಗೆ ಬಂದ ದಿನವೇ ಕೋಆರ್ಡಿನೇಟರ್‌ಗೆ ತಾರೀಖು ಹೇಳಿ, ಭೇಟಿಯನ್ನು ಆ ಸಡಿಲದೊಳಗೆ ಕೂರಿಸಬಹುದೇ ಕೇಳಿ. ಊರಿಗೆ ಹೋಗುವಾಗ ಮಾತ್ರೆಯ ಡಬ್ಬಿ, ಬರೆಯುವ ಡೈರಿ ಕೈಚೀಲದಲ್ಲಿರಲಿ. ಉಳಿದ ಮಾತ್ರೆಯನ್ನೂ ಖಾಲಿ ಡಬ್ಬಿಯನ್ನೂ ಎಸೆಯಬೇಡಿ, ಅದನ್ನು ಎಣಿಸಿಯೇ ಎಷ್ಟು ತಪ್ಪಿತೆಂದು ಲೆಕ್ಕ ಹಾಕುವುದು. ತಪ್ಪಿದ್ದರೆ ತಪ್ಪಿತು ಎಂದೇ ಬರೆಯಲಿ. ಭೇಟಿಯ ಹಿಂದಿನ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ ತುಂಬಿದ ಡೈರಿ ಯಾರಿಗೂ ಉಪಯೋಗವಿಲ್ಲ.

ಕಷಾಯದ ವಿಷಯ ಖಂಡಿತ ಹೇಳಿ. ಮೆಂತ್ಯ, ಹಾಗಲಕಾಯಿ ಸಕ್ಕರೆಯನ್ನು ಇಳಿಸಬಲ್ಲವು. ಟ್ರಯಲ್ ಔಷಧಿಯ ಜೊತೆ ಸೇರಿ ಸಕ್ಕರೆ ತೀರಾ ಕುಸಿದರೆ ಬೆವರಿ, ತಲೆಸುತ್ತಿ ಬೀಳುವುದು ಅತ್ತೆಯೇ.

*ಮೇ 20ರಂದು ನಮ್ಮ ಕನ್ನಡ ಸಂಘದಲ್ಲಿ ಟ್ರಯಲ್ ಬಗ್ಗೆ ಜಾಗೃತಿ ಕಾರ್ಯಕ್ರಮ ಇಟ್ಟಿದ್ದೇವೆ. ಭಾಷಣ ಬಿಟ್ಟು ಬೇರೇನು ಮಾಡಬಹುದು?*
— ಓದುಗರು, ಠಾಣೆ

1747ರ ಮೇ 20ರಂದು ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ಸ್ಕರ್ವಿ ತಗಲಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಆರು ಬಗೆಯ ಉಪಚಾರ ಶುರುಮಾಡಿದ. ಕಿತ್ತಳೆ, ನಿಂಬೆ ತಿಂದವರು ಬೇಗ ಚೇತರಿಸಿಕೊಂಡರು. ಆ ದಿನದ ನೆನಪಿಗೇ ಮೇ 20ನ್ನು ಕ್ಲಿನಿಕಲ್ ಟ್ರಯಲ್ ದಿನವೆಂದು ಆಚರಿಸುವುದು. ಇಷ್ಟನ್ನು ಹೇಳಿ ಭಾಷಣ ಮುಗಿಸಿ.

ಉಳಿದ ಹೊತ್ತಿನಲ್ಲಿ ಒಂದು ಮಾದರಿ ಕನ್ನಡ ಒಪ್ಪಿಗೆ ಪತ್ರವನ್ನು ಎಂಟು ಎಂಟು ಜನಕ್ಕೊಂದರಂತೆ ಕೊಟ್ಟು ಗಟ್ಟಿಯಾಗಿ ಓದಿಸಿ. ಹೋಟೆಲಿನಲ್ಲಿ ದುಡಿಯುವವರು, ಗೃಹಿಣಿಯರು, ನಿವೃತ್ತರು ಒಂದೇ ಗುಂಪಿನಲ್ಲಿರಲಿ. ತಿಳಿಯದ ಪದಕ್ಕೆಲ್ಲ ಗೆರೆ ಎಳೆಯಲಿ, ಮನೆಯಲ್ಲಿ ಆಡುವ ಮಾತೇನು ಎಂದು ಪಕ್ಕದಲ್ಲಿ ಬರೆಯಲಿ. ಆ ಪಟ್ಟಿ ನಿಮ್ಮ ಸುತ್ತಲಿನ ಆಸ್ಪತ್ರೆಗಳ ಎಥಿಕ್ಸ್ ಕಮಿಟಿಗಳಿಗೆ ಹೋಗಲಿ.

ಇನ್ನೊಂದು ಕೆಲಸ ಸಂಘದಿಂದಲೇ ಆಗುವಂಥದ್ದು. ಪ್ರತಿ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅರ್ಧದಷ್ಟಾದರೂ ಹೊರಗಿನವರು, ಅಧ್ಯಕ್ಷರೂ ಹೊರಗಿನವರೇ. ಅದರಲ್ಲಿ ಒಬ್ಬರಾದರೂ ಜನಸಾಮಾನ್ಯರು ಇರಲೇಬೇಕು, ಅವರಿಗೆ ವೈದ್ಯಕೀಯ ಓದು ಬೇಕಿಲ್ಲ. ಮಾಹಿತಿ ಪತ್ರ ಓದಿ ‘ಇದು ನನಗೆ ತಿಳಿಯಲಿಲ್ಲ’ ಎಂದು ಹೇಳುವ ಧೈರ್ಯವಿದ್ದರೆ ಸಾಕು. ನಿಮ್ಮಲ್ಲಿನ ನಿವೃತ್ತ ಕನ್ನಡ ಶಾಲಾ ಶಿಕ್ಷಕಿಯರಿಗಿಂತ ಇದಕ್ಕೆ ತಕ್ಕವರು ಯಾರು? ಅಂಥ ಮೂವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಸಂಘದ ಪತ್ರದಲ್ಲಿ ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ಕಳಿಸಿ.